ಒತ್ತೆ ಇಟ್ಟ ಮಗ

ಒಂದು ಶುಕ್ರವಾರ ಮಧ್ಯಾಹ್ನ, ಬಹರೇನಿನ ಉಮ್ ಅಲ್ ಹಸ್ಸಮ್‌ನಲ್ಲಿ ಟೈಲರ್ ಅಂಗಡಿಯೊಂದರ ಮೇಲಿದ್ದ ಹಾಲಿನಲ್ಲಿ, ಎಪ್ಪತ್ತೆಂಬತ್ತು ಜನರ ಎದುರು ನಾನು ಒಬ್ಬ ಮನುಷ್ಯನ ಬಾಯಿ ಮುಚ್ಚಿಸಿದೆ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಎಷ್ಟೋ ವರ್ಷ ಆ ಚಪ್ಪಾಳೆಯನ್ನು ಬೇರೆಯವರಿಗೆ ವರ್ಣಿಸಿದ್ದೇನೆ. ಹೇಳುತ್ತ ಹೇಳುತ್ತ ಸಭೆ ನೂರಾ ಐವತ್ತಕ್ಕೂ ಏರಿದ್ದುಂಟು. ಹೆಂಡತಿ ಪಕ್ಕದಲ್ಲಿದ್ದರೆ ಮಾತ್ರ ಅರವತ್ತಕ್ಕೆ ಇಳಿಯುತ್ತಿತ್ತು. ಕುರ್ಚಿ ಜೋಡಿಸಿದವಳು ಅವಳು.

ವರ್ಷ ಎರಡು ಸಾವಿರದ ಎಂಟೋ ಒಂಬತ್ತೋ. ಹಳೆಯ ಪಾಸ್‌ಪೋರ್ಟ್ ನೋಡಿದರೆ ಗೊತ್ತಾಗುತ್ತಿತ್ತು, ಅದು ಈಗ ನನ್ನ ಹತ್ತಿರ ಇಲ್ಲ. ಆಗ ನಾನು ಮನಾಮದ ಒಂದು ಇನ್ಶೂರೆನ್ಸ್ ಕಂಪನಿಯ ಕ್ಲೇಮ್ ವಿಭಾಗದಲ್ಲಿದ್ದೆ. ಬಂದ ಪ್ರತಿ ಅರ್ಜಿಯನ್ನೂ ಅನುಮಾನದಿಂದ ಓದುವುದು ನನ್ನ ಕೆಲಸ. ಪೈಪ್ ಒಡೆದು ಗೋಡೌನಿನ ಮಾಲು ನೆನೆಯಿತು ಎಂದು ಒಬ್ಬ ಬರೆದರೆ, ಪೈಪಿನ ಫೋಟೋ ಎಲ್ಲಿ, ಪ್ಲಂಬರನ ರಶೀದಿ ಎಲ್ಲಿ, ಮಾಲು ಅಲ್ಲಿ ಇತ್ತು ಅನ್ನುವುದಕ್ಕೇ ಏನು ಆಧಾರ ಎಂದು ನಾನು ಕೇಳಬೇಕು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿದ್ದೆ. ಅಲ್ಲಿ ಕಲಿತದ್ದು ಆಧಾರ ಕೇಳುವುದೊಂದೇ, ಅದೇ ನನಗೆ ಇಲ್ಲಿ ಅನ್ನ ಕೊಟ್ಟಿತು ಎಂದು ತಮಾಷೆ ಮಾಡುತ್ತಿದ್ದೆ.

ನಾವು ಸೇರುತ್ತಿದ್ದ ಕನ್ನಡದವರ ಗುಂಪಿನಲ್ಲಿ ಹೆಚ್ಚಿನವರು ಕರಾವಳಿಯವರು. ತಿಂಗಳಿಗೊಂದು ಶುಕ್ರವಾರ ಅಲ್ಲಿ ತಾಳಮದ್ದಳೆ ನಡೆಯುತ್ತಿತ್ತು. ಬಯಲುಸೀಮೆಯವನಾದ ನಾನು ಅದನ್ನು ಮೊದಲು ನೋಡಿದ್ದು ಬಹರೇನಿಗೆ ಬಂದ ಮೇಲೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ ಹಾಡುತ್ತಾರೆ. ಪಾತ್ರ ವಹಿಸಿದವರು, ಅಂದರೆ ಅರ್ಥಧಾರಿಗಳು, ಪಂಚೆ, ಶಲ್ಯದಲ್ಲಿ ಎದುರುಬದುರು ಕೂತು ಆ ಪದದ ಅರ್ಥವನ್ನು ಅಲ್ಲೇ ಮಾತಿನಲ್ಲಿ ಬೆಳೆಸುತ್ತಾರೆ. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಪುರಾಣದ ವೀರನಾಗಿ ಕೂತವನನ್ನು ಎದುರಿನವನು ಯಾವ ಮೂಲೆಗೆ ಬೇಕಾದರೂ ತಳ್ಳಬಹುದು, ಇವನು ಅಲ್ಲಿಂದ ಬಿಡಿಸಿಕೊಂಡು ಬರಬೇಕು. ಜನ ಬರುವುದೇ ಅದನ್ನು ಕೇಳಲಿಕ್ಕೆ. ಆದರೆ ಒಂದು ವಿಷಯ ನನಗೆ ಬಹಳ ತಡವಾಗಿ ಅರ್ಥವಾಯಿತು. ಆ ತಳ್ಳಾಟ ಅನ್ಯಾಯ ಆಗದಿರುವುದು ಪುರಾಣ ಎಲ್ಲರಿಗೂ ಗೊತ್ತಿರುವುದರಿಂದ. ಯಾರಾದರೂ ಇಲ್ಲದ್ದನ್ನು ಹೇಳಿದರೆ ಹಿಂದಿನ ಸಾಲಿನ ಅಜ್ಜಿ ಕೂಡ ಕೆಮ್ಮುತ್ತಾಳೆ.

ನಮ್ಮ ಭಾಗವತರು ಹಗಲು ಹೊತ್ತು ಒಂದು ಸ್ಟೇಷನರಿ ಅಂಗಡಿಯ ಮ್ಯಾನೇಜರ್. ಒಂದು ದಿನ ಚಹಾ ಕುಡಿಯುವಾಗ ಅವರು, "ಇದ್ದ ಕತೆಗಳ ವಾದವೆಲ್ಲ ಮುಗ್ದುಹೋಯ್ತು ಮಾರಾಯ್ರೆ. ನಾನು ಪದ ಎತ್ತುವಾಗಲೇ ಇವರು ಎಂತ ಹೇಳ್ತಾರೆ ಅಂತ ಸಭೆಗೆ ಗೊತ್ತಿರ್ತದೆ. ಹೊಸ ಪ್ರಸಂಗ ಎಂತಾದ್ರೂ ಬೇಕು" ಅಂದರು.

ಆಗ ಮೂಲೆಯಲ್ಲಿದ್ದ ಫೋರ್‌ಮನ್ ಮಾತಾಡಿದರು. ಅವರು ಕುಂದಾಪುರದ ಕಡೆಯವರು, ಮುಹರ್ರಕ್‌ನ ಆಚೆ ಹಡಗು ರಿಪೇರಿ ಮಾಡುವ ಒಂದು ಯಾರ್ಡಿನಲ್ಲಿ ಇಪ್ಪತ್ತೇಳು ವರ್ಷದಿಂದ ಇದ್ದರು. ಎಲ್ಲರೂ ಅವರನ್ನು ಹುದ್ದೆಯಿಂದಲೇ ಕರೆಯುತ್ತಿದ್ದರು.

"ನಮ್ಮ ಸೂಪರಿಂಟೆಂಡೆಂಟ್ ಸ್ಕಾಟ್‌ಲೆಂಡಿನವ. ಟೀ ಬ್ರೇಕಿನಲ್ಲಿ ಯಾವಾಗ್ಲೂ ಅವರ ಯುದ್ಧದ್ದೇ ಮಾತು. ಇಂಗ್ಲೆಂಡಿನವರು ಅಂದ್ರೆ ಇವತ್ತಿಗೂ ಅವನಿಗೆ ಆಗುದಿಲ್ಲ. ಮಾಷ್ಟ್ರು ಕಾಲೇಜಿನಲ್ಲಿ ಅದ್ರ ಮೇಲೆ ಎಂತದೋ ಬರ್ದಿದಾರಂತಲ್ಲ?"

ಮಾಷ್ಟ್ರು ಅಂದರೆ ನಾನು. ಒಂದು ದಿನವೂ ಪಾಠ ಮಾಡಿದವನಲ್ಲ. ಎಂ.ಎ. ಅಂದದ್ದಕ್ಕೆ ಆ ಹೆಸರು ಬಿದ್ದಿತ್ತು, ಅದರಲ್ಲಿ ಅರ್ಧ ಗೌರವ, ಅರ್ಧ ಚೇಷ್ಟೆ.

ಬರೆದದ್ದು ನಿಜ. ನಮ್ಮ ವಿಭಾಗದ ಲೈಬ್ರರಿಯಲ್ಲಿ ಹಳೆಯ ಕಾಲದ ಯಾವನೋ ಬಿಳಿ ಅಧಿಕಾರಿ ಬಿಟ್ಟುಹೋದ ಪುಸ್ತಕಗಳ ಒಂದು ಕಪಾಟಿತ್ತು. ಸ್ಕಾಟ್‌ಲೆಂಡಿನ ಮಧ್ಯಯುಗದ ದಾನಪತ್ರಗಳು, ಮುದ್ರೆಗಳು, ಪ್ರಮಾಣಪತ್ರಗಳ ಸಂಪುಟಗಳು. ಉಳಿದವರೆಲ್ಲ ಆದಿಲ್‌ಶಾಹಿಯ ಮೇಲೋ ಕೆಳದಿಯ ಮೇಲೋ ಬರೆಯುವಾಗ ನಾನು ಆ ಕಪಾಟಿನಿಂದ ಒಬ್ಬ ಗಡಿನಾಡಿನ ಶ್ರೀಮಂತನನ್ನು ಎತ್ತಿಕೊಂಡೆ. ನನ್ನ ಗೈಡು ನಕ್ಕು, "ಒಳ್ಳೇದಾತು. ನಿನ್ನ ತಪ್ಪು ಹಿಡಿಯೋರು ಧಾರವಾಡದಾಗ ಯಾರೂ ಇಲ್ಲ" ಅಂದಿದ್ದರು.

ಆ ಶ್ರೀಮಂತನನ್ನು ನಾವು ಪ್ರಸಂಗದಲ್ಲಿ ಪಾಳೆಗಾರ ಎಂದೇ ಕರೆದೆವು. ಭಾಗವತರಿಗೆ ಅವನ ಕತೆಯನ್ನು ಎರಡು ಪುಟದಲ್ಲಿ ಬರೆದುಕೊಟ್ಟೆ. ಆ ಪುಟಗಳಲ್ಲಿ ಇದ್ದಷ್ಟನ್ನೇ ಇಲ್ಲಿ ಹೇಳುತ್ತೇನೆ, ಆಗ ನನಗೆ ಅಷ್ಟು ಸಾಕೆನಿಸಿತ್ತು.

ಎರಡು ರಾಜ್ಯಗಳ ನಡುವಿನ ಒಂದು ನದಿಯ ದಡದಲ್ಲಿ ಅವನ ಕೋಟೆ. ಕೋಟೆ ಅಂದರೆ ಕಲ್ಲಿನ ಒಂದು ಗೋಪುರ, ಸುತ್ತ ಮಣ್ಣಿನ ದಿಬ್ಬ, ಚಳಿಗಾಲದಲ್ಲಿ ಕೆಳಗಿನ ಕೋಣೆಯಲ್ಲೇ ದನ ಕುರಿ. ತಂದೆಯಿಂದ ಬಂದ ಭೂಮಿ ಸ್ಕಾಟ್‌ಲೆಂಡಿನಲ್ಲಿ, ತಾಯಿಯಿಂದ ಬಂದ ಗೋಧಿ ಹೊಲಗಳು ಇಂಗ್ಲೆಂಡಿನಲ್ಲಿ. ಮನೆಯಲ್ಲಿ ಆಡುತ್ತಿದ್ದ ಮಾತು ಫ್ರೆಂಚ್. ಅವನ ಅಜ್ಜನ ಕಾಲಕ್ಕೆ ಇದರಿಂದ ಯಾವ ತೊಂದರೆಯೂ ಇರಲಿಲ್ಲ, ನದಿ ದಾಟಿ ಎರಡು ಕಡೆಯ ಫಸಲನ್ನೂ ತರಿಸಿಕೊಂಡು ಉಣ್ಣುತ್ತಿದ್ದರು. ಆಮೇಲೆ ಸ್ಕಾಟ್‌ಲೆಂಡಿನ ದೊರೆ ಗಂಡುಸಂತಾನವಿಲ್ಲದೆ ಸತ್ತ. ಸಿಂಹಾಸನ ತನ್ನದೆಂದು ಹತ್ತಾರು ಜನ ಎದ್ದರು. ನ್ಯಾಯ ಹೇಳಲು ಕರೆಸಿದ ಇಂಗ್ಲೆಂಡಿನ ದೊರೆ, ಮೊದಲು ನಾನು ನಿಮ್ಮೆಲ್ಲರ ಒಡೆಯ ಅಂತ ಒಪ್ಪಿ ಅಂದ. ಶ್ರೀಮಂತರು ಒಬ್ಬೊಬ್ಬರಾಗಿ ಹೋಗಿ ಮೊಣಕಾಲೂರಿ, ಚರ್ಮದ ಹಾಳೆಗೆ ಮೇಣದ ಮುದ್ರೆ ಕಟ್ಟಿ ಬಂದರು. ನಮ್ಮ ಪಾಳೆಗಾರನೂ ಹೋದ. ಕೆಲವು ವರ್ಷದಲ್ಲಿ ದಂಗೆಯೆದ್ದ. ಸೋತ. ಮತ್ತೆ ಮೊಣಕಾಲೂರಿದ. ಸಮುದ್ರದಾಚೆ ಫ್ಲಾಂಡರ್ಸ್‌ಗೆ ಬಂದು ನನ್ನ ಪರ ಯುದ್ಧ ಮಾಡು ಎಂದು ದೊರೆ ಕಳಿಸಿದರೆ ಅಲ್ಲಿಂದ ತಪ್ಪಿಸಿಕೊಂಡು ಬಂದು ಸ್ಕಾಟರ ಜೊತೆ ಸೇರಿದ. ಎರಡು ಚಳಿಗಾಲ ಕಾಡಿನಲ್ಲಿದ್ದ. ಆಮೇಲೆ ಒಂದು ದಿನ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಯಾರೂ ಹಿಡಿಯದೆ ತಾನಾಗಿ ಇಂಗ್ಲೆಂಡಿನ ದೊರೆಯ ಬಳಿಗೆ ಹೋದ. ಅದು ಮೂರನೆಯ ಪ್ರಮಾಣ. ನಾಲ್ಕನೆಯದು ಸ್ಕಾಟ್‌ಲೆಂಡಿನ ಹೊಸ ದೊರೆಗೆ, ಆ ಪಕ್ಷ ಗೆಲ್ಲುವುದು ಖಾತ್ರಿಯಾದ ಮೇಲೆ. ಕೊನೆಗೆ ಹಾಸಿಗೆಯ ಮೇಲೇ ಸತ್ತ.

ಆ ಮೂರನೆಯ ಸಲ ಯಾಕೆ ಹೋದ ಅನ್ನುವುದೇ ನನ್ನ ಪ್ರಬಂಧದ ಪ್ರಶ್ನೆ. ತಾಯಿಯ ಗೋಧಿ ಹೊಲಗಳಿಗಾಗಿ ಎಂದು ಉತ್ತರ ಬರೆದಿದ್ದೆ. ದೇಶಪ್ರೇಮ, ಸ್ವಾಮಿದ್ರೋಹ ಎರಡೂ ಆಮೇಲಿನವರು ಅಂಟಿಸಿದ ಚೀಟಿಗಳು, ಒಳಗಿರುವುದು ಭೂಮಿ. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಹೀಗೆ ಬರೆಯುವುದರಲ್ಲಿ ಬಹಳ ಸುಖವಿತ್ತು.

ಪಾತ್ರ ಹಂಚುವಾಗ ಪಾಳೆಗಾರ ತನಗೆ ಬೇಕೆಂದು ಫೋರ್‌ಮನ್ ಕೇಳಿದರು. ಇಷ್ಟು ವರ್ಷದಲ್ಲಿ ಅವರಿಗೆ ಸಿಕ್ಕದ್ದು ದೂತ, ಮಂತ್ರಿ, ಒಮ್ಮೊಮ್ಮೆ ಋಷಿ. ಊರಿನಿಂದ ಹೆಸರುವಾಸಿ ಅರ್ಥಧಾರಿಗಳು ಬಂದರೆ ಅದೂ ಇಲ್ಲ. ಅವರ ವೀಸಾ ಆ ವರ್ಷ ಮುಗಿಯುತ್ತಿತ್ತು, ಯಾರೂ ಬೇಡ ಅನ್ನಲಿಲ್ಲ. ಇಂಗ್ಲೆಂಡಿನ ದೊರೆ ನಾನಾದೆ.

ತಯಾರಿಗೆಂದು ಮೂರೋ ನಾಲ್ಕೋ ಶುಕ್ರವಾರ ಬೆಳಿಗ್ಗೆ ಸೇತುವೆ ದಾಟಿ ಮುಹರ್ರಕ್‌ಗೆ ಹೋದೆ. ಹಳೆ ಮಾರುಕಟ್ಟೆಯ ಹಿಂದೆ, ಇನ್ನಿಬ್ಬರ ಜೊತೆ ಹಂಚಿಕೊಂಡಿದ್ದ ಅವರ ಕೋಣೆ. ಏಳನೇ ಕ್ಲಾಸು ಓದಿದವರು. ಕೇಳುವ ಪ್ರಶ್ನೆಗಳು ನನ್ನ ಪ್ರಬಂಧದಲ್ಲಿ ಎಲ್ಲೂ ಇಲ್ಲದವು.

"ಆ ಮುದ್ರೆ ಉಂಟಲ್ಲ, ಅದು ಯಾರ ಕೈಯಲ್ಲಿ ಇರ್ತಿತ್ತು?"

"ಅವನ ಹತ್ರಾನೇ ಇರತಿತ್ರಿ. ಬೇರೆಯವರ ಕೈಗೆ ಸಿಕ್ರ ಅವನ ಹೆಸರಿನಾಗ ಏನ್ ಬೇಕಾದ್ರೂ ಮಾಡಬಹುದು."

"ಹೌದಾ. ನನ್ನ ಪಾಸ್‌ಪೋರ್ಟ್ ಇಪ್ಪತ್ತೇಳು ವರ್ಷದಿಂದ ಆಫೀಸಿನ ಕಪಾಟಿನಲ್ಲಿ ಉಂಟು ಮಾಷ್ಟ್ರೇ. ಪಾಳೆಗಾರ ನನಗಿಂತ ಪರವಾಗಿಲ್ಲ."

ಇಬ್ಬರೂ ನಕ್ಕೆವು. ಆಮೇಲೆ, ಅದೇ ದಿನವೋ ಮುಂದಿನ ವಾರವೋ, ಅವರು ಮಗನ ವಿಷಯ ಹೇಳಿದರು. ಅವನು ಹುಟ್ಟಿದ ವರ್ಷವೇ ಇವರು ಬಹರೇನಿಗೆ ಬಂದದ್ದು. ಹೆಂಡತಿ ಮಗುವನ್ನು ಕರೆದುಕೊಂಡು ಅಣ್ಣನ ಮನೆಯಲ್ಲಿದ್ದಳು, ಹುಡುಗ ಸೋದರಮಾವನ ಕೈಯಲ್ಲಿ ಬೆಳೆದ. ಎರಡು ವರ್ಷಕ್ಕೊಮ್ಮೆ ಇವರಿಗೆ ಒಂದೂವರೆ ತಿಂಗಳ ರಜೆ. ಮಗ ಈಗ ಉಡುಪಿಯ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಅಪ್ಪನನ್ನು ಕರೆದೊಯ್ಯಲು ವಿಸಿಟ್ ವೀಸಾದಲ್ಲಿ ಬರುವವನಿದ್ದ. ಅವರೇ ಆಸೆಪಟ್ಟು, ಈ ಸಭೆಯ ಹೊತ್ತಿಗೆ ಸರಿಯಾಗಿ ಟಿಕೆಟ್ ಮಾಡಿಸಿದ್ದರು.

"ಅವನು ಒಂದು ಕಡೆ ಕೂತು ನನ್ನ ಮಾತು ಹತ್ತು ನಿಮಿಷ ಕೇಳಿದವನಲ್ಲ. ತಪ್ಪು ಅವನದ್ದಲ್ಲ. ಎದುರು ಬಂದ್ರೆ ನನಗೇ ಎಂತ ಹೇಳುದು ಅಂತ ಗೊತ್ತಾಗುದಿಲ್ಲ. ಅಲ್ಲಿ ಕೂತ್ರೆ ಹೇಳಬಹುದು. ಪಾಳೆಗಾರ ಹೇಳಿದ ಹಾಗೆ ಆಗ್ತದೆ, ಇವನಿಗೂ ಕೇಳ್ತದೆ."

ಇದನ್ನು ಅವರು ನನಗೆ ಹೇಳಿದ್ದರು. ಈ ಒಂದು ಮಾತಿನ ಬಗ್ಗೆ ನನ್ನ ನೆನಪಿಗೆ ಯಾವ ಅನುಮಾನವೂ ಇಲ್ಲ, ಇದ್ದಿದ್ದರೆ ನನಗೆ ಅನುಕೂಲವಿತ್ತು. ಎದ್ದು ಹೊರಡುವಾಗ ಅವರು ಚಪ್ಪಲಿ ಹಾಕಿಕೊಳ್ಳುತ್ತಿದ್ದ ನನ್ನ ಹಿಂದೆ ನಿಂತು, "ಸೂಪರಿಂಟೆಂಡೆಂಟನ ಹತ್ರ ಹೆಸರು ಹೇಳಿ ಕೇಳಿದೆ. ಆ ಕೋಟೆ ಅವನ ಊರಿಂದ ಅರ್ಧ ಗಂಟೆ ದಾರಿಯಂತೆ. ಒಂದು ವಿಷಯ ಹೇಳಿದ. ಈಗ ನಿಮಗೆ ಹೇಳುದಿಲ್ಲ, ಅಲ್ಲೇ ತೆಗಿತೇನೆ" ಅಂದರು. ಎದುರಾಳಿಗೆ ತೋರಿಸದೆ ಒಂದು ಅಸ್ತ್ರ ಇಟ್ಟುಕೊಳ್ಳುವುದು ತಾಳಮದ್ದಳೆಯಲ್ಲಿ ಎಲ್ಲರೂ ಮಾಡುವ ಕೆಲಸ. ತೆಗೀರಿ ನೋಡೋಣು ಅಂದೆ.

ಹಾಲಿನಲ್ಲಿ ಆ ದಿನ ಫ್ಯಾನು ತಿರುಗುತ್ತಿತ್ತು ಎಂದು ನನ್ನ ನೆನಪು. ಎ.ಸಿ. ಇತ್ತು, ಮುಂದಿನ ಸಾಲಿನವರು ಚಳಿ ಅಂತ ಶಲ್ಯ ಹೊದ್ದಿದ್ದರು ಅನ್ನುತ್ತಾಳೆ ಹೆಂಡತಿ. ಮಗ ಎರಡನೆಯ ಸಾಲಿನಲ್ಲಿ, ಕೈಯಲ್ಲಿ ಮೊಬೈಲು. ಅಪ್ಪನ ಹಾಗೇ ಅಗಲ ಭುಜ. ಭಾಗವತರು ಮೂರನೆಯ ಪ್ರಮಾಣದ ಪದ ಎತ್ತಿದರು. ನಾನು ದೊರೆಯಾಗಿ ಕೇಳಿದೆ: ಎರಡು ಸಲ ಆಣೆ ಮುರಿದವನು ಕರೆಯದೇ ಬಂದು ನಿಂತಿದ್ದೀಯಲ್ಲ, ನಿನ್ನ ತಾಯಿಯ ಹೊಲದಲ್ಲಿ ಗೋಧಿ ಹಣ್ಣಾಯಿತೇ?

ಒಳ್ಳೆಯ ಪ್ರಶ್ನೆ ಎಂದು ಜನ ತಲೆದೂಗಿದರು. ಫೋರ್‌ಮನ್ ಮಾತು ಶುರು ಮಾಡಿದರು. ಆ ಮಾತನ್ನು ಯಾರೂ ರೆಕಾರ್ಡ್ ಮಾಡಲಿಲ್ಲ. ನನಗೆ ಉಳಿದಿರುವುದು ಇಷ್ಟು:

"ಪ್ರಭು, ಗೋಧಿ ಹಣ್ಣಾಗಿರಬಹುದು, ನಾನು ನೋಡಿಲ್ಲ. ನಾನು ಮೊಣಕಾಲೂರಿದ್ದು ನಿಮ್ಮ ಎದುರು ಎಂದು ತಿಳಿಯಬೇಡಿ. ನಿಮ್ಮ ಬೆನ್ನ ಹಿಂದೆ ಒಂದು ಕೋಟೆಯಿದೆ, ಅದರಲ್ಲಿ ನನ್ನ ಮಗನಿದ್ದಾನೆ. ಕಳೆದ ಸಲ ನಾನು ಸೋತಾಗ ಒತ್ತೆಯಾಗಿ ನಿಮ್ಮ ಕೈಗೆ ಕೊಟ್ಟ ಮಗ. ಕೊಡುವಾಗ ಅವನಿಗೆ ಹಲ್ಲು ಬೀಳುತ್ತಿತ್ತು. ಈಗ ಮೀಸೆ ಬಂದಿದೆಯೆಂದು ಬೇರೆಯವರು ಬಂದು ಹೇಳುತ್ತಾರೆ. ಒಮ್ಮೆ ನೋಡಲು ಬಿಟ್ಟಿರಿ. ನನ್ನನ್ನು ಕಂಡು ಅವನು ಎದ್ದು ನಿಂತ, ಮನೆಗೆ ಬಂದ ನೆಂಟರಿಗೆ ಎದ್ದು ನಿಲ್ಲುವ ಹಾಗೆ. ಭೂಮಿಗಾಗಿ ಬಂದೆನೆಂದು ನಿಮ್ಮ ಕರಣಿಕರು ಬರೆದುಕೊಳ್ಳಲಿ. ಭೂಮಿ ಹತ್ತು ವರ್ಷ ಬಿಟ್ಟರೂ ಅಲ್ಲೇ ಇರುತ್ತದೆ. ಮಗ ಹಾಗಲ್ಲ. ನಾನು ಇಲ್ಲದಾಗ ಬೆಳೆದುಬಿಟ್ಟ."

ಅಲ್ಲಿದ್ದ ಗಂಡಸರಲ್ಲಿ ಅರ್ಧ ಜನ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರು. ಅವರು ತಮ್ಮ ತೊಡೆ ನೋಡಿಕೊಂಡು ಕೂತಿದ್ದರು. ಮಗ ಮೊಬೈಲನ್ನು ಜೇಬಿಗೆ ಹಾಕಿ ಸ್ವಲ್ಪ ಮುಂದಕ್ಕೆ ಬಾಗಿದ್ದ.

ದೊರೆಗೆ ಆಗ ಉತ್ತರ ಇರಲಿಲ್ಲವೆಂದಲ್ಲ. ನಿನ್ನ ಮಗನನ್ನು ನನ್ನ ಮಕ್ಕಳ ಪಂಕ್ತಿಯಲ್ಲೇ ಉಣ್ಣಿಸಿದ್ದೇನೆ ಅನ್ನಬಹುದಿತ್ತು. ಮಗನ ನೆನಪಿದ್ದವನು ಫ್ಲಾಂಡರ್ಸ್‌ನಿಂದ ಯಾಕೆ ಓಡಿದೆ ಎಂದು ಕೇಳಬಹುದಿತ್ತು. ಇವೆಲ್ಲ ನನಗೆ ಆಮೇಲೆ, ಕಾರು ಓಡಿಸುವಾಗ, ಒಂದೊಂದಾಗಿ ಹೊಳೆದವು. ಆ ಗಳಿಗೆಯಲ್ಲಿ ನನಗೆ ಕಂಡದ್ದು ಒಂದೇ: ಸಭೆ ಅವರ ಕಡೆಗೆ ಹೋಯಿತು, ಮತ್ತು ಈ ಕತೆ ನನ್ನದು.

"ಎಲೈ ಪಾಳೆಗಾರ," ಅಂದೆ, "ಯಾವ ಮಗ? ನಿನಗೆ ಆಗ ಮಗನೇ ಹುಟ್ಟಿರಲಿಲ್ಲ. ನಿನ್ನ ಹೊಲದ ಒಂದೊಂದು ಬದುವೂ ನನ್ನ ಕಡತದಲ್ಲಿದೆ, ಅದರಲ್ಲಿ ಮಗನೊಬ್ಬ ಇಲ್ಲ. ಇಲ್ಲದ ಮಗನನ್ನು ಹುಟ್ಟಿಸಿಕೊಂಡು ನನ್ನ ಆಸ್ಥಾನದಲ್ಲಿ ಕಣ್ಣೀರು ತರಿಸುತ್ತೀಯಾ? ಅಥವಾ ಹಡಗಿನ ಕಟ್ಟೆಯಲ್ಲಿ ಟೀ ಕುಡಿಯುತ್ತ ಯಾರೋ ಹೇಳಿದ್ದನ್ನು ನಂಬಿ ಬಂದೆಯಾ?"

ಯಾರ್ಡಿನ ಸೂಪರಿಂಟೆಂಡೆಂಟನ ಕತೆ ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಹಿಂದಿನ ಸಾಲಿನಲ್ಲಿ ಮೊದಲು ನಗೆ ಎದ್ದಿತು, ಆಮೇಲೆ ಇಡೀ ಹಾಲು ನಕ್ಕಿತು. ಅಷ್ಟು ಹೊತ್ತು ಬಿಗಿಯಾಗಿ ಕೂತಿದ್ದವರಿಗೆ ಆ ನಗೆ ಬೇಕೂ ಆಗಿತ್ತೇನೋ.

ಫೋರ್‌ಮನ್ ನನ್ನ ಕಡೆ ನೋಡಿದರು. ಪಾಳೆಗಾರನಾಗಿ ಅಲ್ಲ. ಧ್ವನಿ ತಗ್ಗಿಸಿ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದರು: "ಹೌದಾ ಮಾಷ್ಟ್ರೇ?"

"ಮಾಷ್ಟ್ರಲ್ಲ. ದೊರೆ" ಅಂದೆ.

ಚಪ್ಪಾಳೆ ಬಂದದ್ದು ಆಗ.

ಭಾಗವತರು ಮುಂದಿನ ಪದ ಎತ್ತಿ ಪ್ರಸಂಗವನ್ನು ದಡ ಸೇರಿಸಿದರು. ಫೋರ್‌ಮನ್ ಉಳಿದ ಪದಗಳಿಗೆ ಎರಡೆರಡು ವಾಕ್ಯ ಹೇಳಿ ಮುಗಿಸಿದರು. ಗೋಳಿಬಜೆ, ಚಹಾ ಹಂಚುವಾಗ ಮಗ ತಾನಾಗಿ ಬಂದು ನನ್ನ ಕೈ ಕುಲುಕಿದ.

"ಸರಿಯಾಗಿ ಹಿಡಿದ್ರಿ ಸರ್. ಒಂದು ನಿಮಿಷ ನಾನೂ ನಂಬಿದ್ದೆ. ಅಪ್ಪನಿಗೆ ಅದೊಂದು ಅಭ್ಯಾಸ, ಎಂತಾದ್ರೂ ಸೇರಿಸಿ ಹೇಳುದು. ಫೋನಿನಲ್ಲೂ ಹಾಗೇ. ಬರ್ತೇನೆ, ಈ ವರ್ಷ ಬಂದೇ ಬಿಡ್ತೇನೆ ಅಂತ ಎಷ್ಟು ವರ್ಷ ಹೇಳಿದ್ರು."

ನಾನು ನಕ್ಕೆ. ಅವನ ಭುಜ ತಟ್ಟಿರಲೂಬಹುದು.

ಮೂರನೆಯ ದಿನ ಸಂಜೆ ಆಫೀಸಿನಿಂದ ಬಂದವನು ಕಪಾಟಿನ ಮೇಲಿನ ಸೂಟ್‌ಕೇಸಿನಿಂದ ಪ್ರಬಂಧದ ಪ್ರತಿ ತೆಗೆದೆ. ಯಾಕೆ ತೆಗೆದೆ? ಅನುಮಾನ ಬಂದಿತ್ತು ಎಂದು ಹೇಳಿಕೊಳ್ಳುವುದು ನನಗೆ ಇಷ್ಟ. ಗೆಲುವನ್ನು ಇನ್ನೊಮ್ಮೆ ಸವಿಯಲು ತೆಗೆದಿರುವ ಸಾಧ್ಯತೆಯೇ ಹೆಚ್ಚು. ಅರ್ಧದ ಹತ್ತಿರ, ಎರಡನೆಯ ಪ್ರಮಾಣದ ಅಧ್ಯಾಯದಲ್ಲಿ, ಬಾಡಿಗೆ ಟೈಪ್‌ರೈಟರಿನಲ್ಲಿ ನಾನೇ ಹೊಡೆದ ಒಂದು ಸಾಲಿತ್ತು. ಶರಣಾಗತಿಯ ಷರತ್ತಿನಂತೆ ಅವನ ಹಿರಿಯ ಮಗನನ್ನು ಒತ್ತೆಯಾಗಿ ಇಂಗ್ಲೆಂಡಿನ ಕೋಟೆಗೆ ಒಪ್ಪಿಸಲಾಯಿತು. ಪಕ್ಕದಲ್ಲಿ ಗೈಡಿನ ಕೆಂಪು ಅಕ್ಷರ: ಇದನ್ನು ಕೊನೆಯ ಅಧ್ಯಾಯದಲ್ಲಿ ಯಾಕೆ ಬಿಟ್ಟಿದ್ದೀ?

ಯಾಕೆ ಬಿಟ್ಟಿದ್ದೆ ಅನ್ನುವುದು ಸುಲಭ. ಮಗ ಬಂದರೆ ಗೋಧಿ ಹೊಲದ ವಾದ ಕೆಡುತ್ತಿತ್ತು. ನನ್ನ ಕೈಯಲ್ಲಿ ಉತ್ತರವಿಲ್ಲದ್ದು ಇನ್ನೊಂದು. ಆ ಶುಕ್ರವಾರ, ಮಗನೇ ಇರಲಿಲ್ಲ ಅಂದಾಗ, ನಾನು ಮರೆತಿದ್ದೆನೋ ಅಥವಾ ಗೊತ್ತಿದ್ದೂ ಹೇಳಿದೆನೋ? ಮರೆತಿದ್ದರೆ, ಅಷ್ಟು ಖಚಿತವಾಗಿ ಹೇಳುವ ಧೈರ್ಯ ಎಲ್ಲಿಂದ ಬಂತು? ಗೊತ್ತಿದ್ದರೆ, ಆ ಗಳಿಗೆಯಲ್ಲಿ ಒಳಗೆ ಏನಾದರೂ ಚುಚ್ಚಿರಬೇಕಲ್ಲ, ಹಾಗೆ ಚುಚ್ಚಿದ ನೆನಪೇ ಇಲ್ಲ. ಆಫೀಸಿಗೆ ಯಾರಾದರೂ ಇಂಥ ಹೇಳಿಕೆ ಬರೆದುಕೊಂಡು ಬಂದಿದ್ದರೆ ಎರಡನೆಯ ಸಲ ಓದದೆ ತಿರಸ್ಕರಿಸುತ್ತಿದ್ದೆ.

ಪ್ರಬಂಧವನ್ನು ಸೂಟ್‌ಕೇಸಿಗೆ ಹಾಕಿ ಮೇಲೆ ಇಟ್ಟೆ. ಯಾರಿಗೂ ಹೇಳಲಿಲ್ಲ. ಹೊರಡುವ ಮೊದಲು ಹೇಳಿದರಾಯಿತು ಅಂದುಕೊಂಡೆ.

ಹೊರಡುವ ದಿನ ಅವರನ್ನು ಏರ್‌ಪೋರ್ಟಿಗೆ ಬಿಡುವ ಕೆಲಸ ನಾನೇ ಕೇಳಿ ಪಡೆದೆ. ಅವರ ಕೋಣೆಯಿಂದ ಏರ್‌ಪೋರ್ಟು ಹತ್ತು ನಿಮಿಷವೂ ಅಲ್ಲ. ಫೋರ್‌ಮನ್ ನನ್ನ ಪಕ್ಕ, ಹಿಂದಿನ ಸೀಟಿನಲ್ಲಿ ಮಗ, ಅವನ ತೊಡೆಯ ಮೇಲೆ ಹಗ್ಗ ಬಿಗಿದ ಕಾರ್ಟನ್. ಇಪ್ಪತ್ತೇಳು ವರ್ಷ ಕಪಾಟಿನಲ್ಲಿದ್ದ ಪಾಸ್‌ಪೋರ್ಟು ಕೊನೆಗೂ ಅಂಗಿಯ ಜೇಬಿನಲ್ಲಿತ್ತು. ಅವರು ಆಗಾಗ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು.

"ಮಾಷ್ಟ್ರೇ," ಅಂದರು, "ಈ ಪ್ರಸಂಗ ಊರಲ್ಲೂ ಒಂದು ಸಲ ಆಗ್ಲಿ ಅಂತ ನಮ್ಮ ದೇವಸ್ಥಾನದವ್ರು ಕೇಳಿದಾರೆ. ನಾನು ಮಗನ ವಿಷಯ ಇಟ್ಟುಕೊಂಡೇ ಮಾತು ಕಟ್ಟಿದ್ದು. ಅದು ತಪ್ಪು ಅಂತಾದ್ರೆ ಬಿಡಬೇಕಲ್ಲ. ಬಿಡುದಾ?"

ಹಿಂದಿನ ಸೀಟಿನಿಂದ ಮಗ, "ಅಪ್ಪ, ಅದನ್ನು ಇನ್ನೂ ಬಿಟ್ಟಿಲ್ವಾ ನೀವು?" ಅಂದ. ಕೆಟ್ಟ ಧ್ವನಿಯಲ್ಲಿ ಅಲ್ಲ, ಸುಸ್ತಾದ ಧ್ವನಿಯಲ್ಲಿ.

ನಾನು ಏನು ಹೇಳಿದೆ? ಬಹಳ ಕಾಲ ನನ್ನ ನೆನಪು ಹೇಳುತ್ತಿದ್ದದ್ದು ಇಷ್ಟು: ಸಿಗ್ನಲ್ ಹಸಿರಾಯಿತು, ಹಿಂದಿನವನು ಹಾರ್ನ್ ಹೊಡೆದ, ಉತ್ತರ ಕೊಡಲು ಆಗಲಿಲ್ಲ. ಆದರೆ ಆ ದಾರಿಯಲ್ಲಿ ಸಿಗ್ನಲ್ ಎಲ್ಲಿತ್ತು ಎಂದು ಆಮೇಲೆ ಎಷ್ಟು ಸಲ ಓಡಾಡಿ ನೋಡಿದರೂ ನನಗೆ ಕಾಣಲಿಲ್ಲ. ಹೆಂಡತಿ ಕಾರಿನಲ್ಲಿ ಇರಲಿಲ್ಲ. ಆದರೆ ಮನೆಗೆ ಬಂದು ನಾನೇ ಅವಳಿಗೆ ಹೇಳಿದ್ದೆನಂತೆ: "ಬಿಡುದಾ ಅಂತ ಕೇಳಿದ್ರು. ಬಿಡ್ರಿ, ಸುಮ್ನ ಯಾಕ ಅಂದೆ." ಅವಳು ಇಂಥದ್ದರಲ್ಲಿ ತಪ್ಪುವವಳಲ್ಲ. ಇರುವ ಆಧಾರ ಅದೊಂದೇ, ಅದನ್ನು ಒಪ್ಪಿಕೊಂಡಿದ್ದೇನೆ.

ಆಮೇಲಿನ ಐದಾರು ವರ್ಷ ನಾನು ಇದನ್ನು ಹೊತ್ತುಕೊಂಡು ನರಳಿದೆ ಎಂದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಇದ್ದೆ. ಬಾಡಿಗೆ ಕಡಿಮೆಯೆಂದು ಹಮದ್ ಟೌನಿಗೆ ಮನೆ ಬದಲಾಯಿಸಿದೆವು, ಆಫೀಸಿನಲ್ಲಿ ಒಂದು ಮೆಟ್ಟಿಲು ಏರಿದೆ. ಚಪ್ಪಾಳೆಯ ಕತೆಯನ್ನು ಹೊಸಬರಿಗೆ ಹೇಳುವುದೂ ನಿಂತಿರಲಿಲ್ಲ. ನಿಜ ಗೊತ್ತಿದ್ದ ಮೇಲೂ ಹೇಳುತ್ತಿದ್ದೆ, ಇದನ್ನು ಬರೆಯುವಾಗಲೂ ಕೈ ನಿಧಾನವಾಗುತ್ತದೆ.

ಆಮೇಲೆ ಭಾಗವತರು ಊರಿಗೆ ಹೊರಟರು. ಬೀಳ್ಕೊಡುಗೆಗೆ ಸೇರಿದ್ದಾಗ ಹಳೆಯ ಪ್ರಸಂಗಗಳ ಮಾತು ಬಂತು. ನಡುವೆ ಅವರೇ ನಗುತ್ತ, "ನಮ್ಮ ಫೋರ್‌ಮನ್ ಮಾತ್ರ, ಪಾಪ, ಪಾಳೆಗಾರನಿಗೆ ಇಲ್ಲದ ಮಗನನ್ನು ತಂದು ಕೂರಿಸಿ ಮಾಷ್ಟ್ರ ಕೈಲಿ ಸಿಕ್ಕಿಬಿದ್ದದ್ದು. ಅದೊಂದು ಮರೆಯುದಿಲ್ಲ ನನಗೆ" ಅಂದರು. ಎಲ್ಲರೂ ನಕ್ಕರು. ನಾನೂ ನಗಲು ಬಾಯಿ ತೆರೆದೆ.

"ಇದ್ದ" ಅಂದೆ.

"ಯಾರು ಇದ್ದದ್ದು?"

"ಮಗ ಇದ್ದ. ಒತ್ತೆ ಇಟ್ಟಿದ್ದ. ನಾ ಹೇಳಿದ್ದು ತಪ್ಪು."

ಭಾಗವತರು ಕಪ್ ಕೆಳಗಿಟ್ಟರು. "ಅವರಿಗೆ ಹೇಳಿದ್ರಾ?"

ಇಲ್ಲವೆಂದು ತಲೆಯಾಡಿಸಿದೆ. ಅವರು ಬೇರೇನೂ ಕೇಳದೆ ಮೊಬೈಲ್ ತೆಗೆದು ಫೋರ್‌ಮನ್ ಅವರ ಊರಿನ ನಂಬರ್ ಹುಡುಕಿ, ನನ್ನ ಮೊಬೈಲನ್ನು ಕೈಯಿಂದ ತೆಗೆದುಕೊಂಡು ಅದರಲ್ಲಿ ಒತ್ತಿ ವಾಪಸು ಕೊಟ್ಟರು. ಆ ಸಂಜೆ ಅವರು ಮತ್ತೆ ನನ್ನ ಜೊತೆ ಮಾತಾಡಿದ್ದು ನೆನಪಿಲ್ಲ.

ಮುಂದಿನ ಶುಕ್ರವಾರ ಬೆಳಿಗ್ಗೆ ಫೋನ್ ಮಾಡಿದೆ. ಎತ್ತಿದವನು ಮಗ.

"ಅಪ್ಪ ಸ್ನಾನಕ್ಕೆ ಹೋಗಿದಾರೆ ಸರ್. ಎಂತ ಹೇಳ್ಬೇಕಿತ್ತು?"

ಕಾಯುತ್ತೇನೆ ಅನ್ನಬಹುದಿತ್ತು. ಅವನಿಗೇ ಹೇಳಿದೆ. ಮೊದಲು ಕೇಳಬೇಕಾದವನು ಅವನೇ ಎಂದು ಹೇಳಿದೆನೋ, ಅಪ್ಪನ ಧ್ವನಿಯನ್ನು ಎದುರಿಸಲಾಗದೆ ಹೇಳಿದೆನೋ, ಅದನ್ನೂ ಖಚಿತವಾಗಿ ಹೇಳಲಾರೆ. ಅವತ್ತು ನಿಮ್ಮ ಅಪ್ಪ ಹೇಳಿದ್ದು ಸರಿ ಇತ್ತು, ಪಾಳೆಗಾರನಿಗೆ ಮಗ ಇದ್ದ, ನಾನೇ ಬರೆದ ಪುಸ್ತಕದಲ್ಲಿ ಅದು ಇದೆ, ಅವರು ಏನನ್ನೂ ಸೇರಿಸಿ ಹೇಳಲಿಲ್ಲ ಅಂದೆ.

ಮಗ ಕೇಳಿದ: "ಇದು ನಿಮಗೆ ಯಾವಾಗ ಗೊತ್ತಾಯ್ತು?"

ಇತ್ತೀಚೆಗೆ ಅನ್ನುವ ಮಾತು ನಾಲಿಗೆಯ ಮೇಲಿತ್ತು. "ಮೂರನೇ ದಿನ" ಅಂದೆ.

"ಅಂದ್ರೆ ಕಾರಿನಲ್ಲಿ ಗೊತ್ತಿತ್ತು."

"ಗೊತ್ತಿತ್ತು."

"ಅವರು ಆಮೇಲೆ ಎಲ್ಲೂ ಅರ್ಥ ಹೇಳಲಿಕ್ಕೆ ಕೂತಿಲ್ಲ ಸರ್. ದೇವಸ್ಥಾನದವ್ರು ಎರಡು ಸಲ ಮನೆಗೆ ಬಂದಿದ್ರು. ನಾನೇ ಬೇಡ ಅಂದೆ. ಅಲ್ಲಿ ನಗಾಡಿದ್ದು ಸಾಕು, ಇಲ್ಲಿ ಬೇಡ ಅಂತ. ಅವರು ಆಯ್ತು ಅಂದ್ರು." ಬಾಗಿಲ ಚಿಲಕದ ಶಬ್ದ ಕೇಳಿಸಿತು. "ಬಂದ್ರು. ಸ್ಪೀಕರಿನಲ್ಲಿ ಹಾಕ್ತೇನೆ. ನನಗೆ ಹೇಳಿದ್ದನ್ನು ಹಾಗೇ ಹೇಳಿ. ಮೂರನೇ ದಿನದ್ದೂ ಹೇಳಿ."

ಹೇಳಿದೆ. ಪಕ್ಕದಲ್ಲಿ ಒಬ್ಬ ಹೆಂಗಸಿನ ಧ್ವನಿ ಯಾರದು ಎಂದು ಕೇಳಿತು, ಮಗ ತಡೀ ಅಮ್ಮ ಅಂದ. ನಾನು ಪೂರ್ತಿ ಹೇಳಿ ಮುಗಿಸಿದೆ. ಕ್ಷಮಿಸಿ ಅನ್ನುವ ಮಾತು ಬಂತೋ ಇಲ್ಲವೋ ನೆನಪಿಲ್ಲ. ಬರಲಿಲ್ಲವೆಂದೇ ತಿಳಿಯುವುದು ಸರಿ.

ಫೋರ್‌ಮನ್ ಆಮೇಲೆ ಕೇಳಿದರು:

"ಆ ಹುಡುಗ ಎಂತ ಆದ ಮಾಷ್ಟ್ರೇ? ಮನೆಗೆ ಬಂದನಾ?"

ನನಗೆ ಗೊತ್ತಿರಲಿಲ್ಲ. ನನ್ನ ಪ್ರಬಂಧ ಆ ಹುಡುಗನನ್ನು ಒಂದು ಸಾಲಿನಲ್ಲಿ ಕೋಟೆಯ ಒಳಗೆ ಬಿಟ್ಟು ಅಪ್ಪನ ಹೊಲದ ಕಡೆ ಹೋಗಿತ್ತು. ಧಾರವಾಡದ ಆ ಕಪಾಟಿನಲ್ಲಿ ಇನ್ನೂ ಏಳೆಂಟು ಸಂಪುಟಗಳಿದ್ದವು, ಹುಡುಕಿದ್ದರೆ ಸಿಗುತ್ತಿತ್ತೋ ಏನೋ. ಎರಡು ವರ್ಷ ಆ ಪಾಳೆಗಾರನ ಜೊತೆ ಕಳೆದ ನನಗೆ ಆ ಪ್ರಶ್ನೆ ಒಂದು ಸಲವೂ ಬಂದಿರಲಿಲ್ಲ.

"ಗೊತ್ತಿಲ್ರಿ," ಅಂದೆ. "ನಾ ನೋಡಲೇ ಇಲ್ಲ."

"ಹೌದಾ," ಅಂದರು ಫೋರ್‌ಮನ್. ಆಮೇಲೆ ಫೋನಿನಿಂದ ದೂರ ತಿರುಗಿ, ಮಗನಿಗೆ ಏನೋ ಹೇಳಿದರು. ಅದು ಅವರ ಊರಿನ ಮಾತು, ವೇಗವಾಗಿತ್ತು, ನನಗೆ ತಿಳಿಯಲಿಲ್ಲ. ಮಗ ಉತ್ತರ ಕೊಟ್ಟ. ಅವರು ಮತ್ತೆ ಏನೋ ಕೇಳಿದರು. ಇಬ್ಬರೂ ಹಾಗೇ ಮಾತಾಡುತ್ತ ಹೋದರು. ಇನ್ನು ನಾನು ಕೇಳಿಸಿಕೊಳ್ಳುವಂಥದ್ದೇನೂ ಅದರಲ್ಲಿ ಇರಲಿಲ್ಲ. ಫೋನ್ ಇಟ್ಟೆ.